‘ಸಚಿವ ರೇವಣ್ಣ’ ಅಂದರೆ ಯಾವ ರೇವಣ್ಣ? ಸುದ್ದಿಸೂಚಿಯಲ್ಲಿ ಒಂದೇ ಹೆಸರಿನ ಗೊಂದಲ

ಪುಟಸಂಖ್ಯೆ:
2017ರಿಂದ 2019ರವರೆಗಿನ ಕನ್ನಡ ಪತ್ರಿಕೆಗಳಿಗೆ ಸ್ಪ್ರೆಡ್‌ಶೀಟ್‌ನಲ್ಲಿ ವ್ಯಕ್ತಿಸೂಚಿ (ಯಾರ ಹೆಸರು ಯಾವ ಸುದ್ದಿಯಲ್ಲಿದೆ ಎಂಬ ಪಟ್ಟಿ) ಮಾಡಬೇಕಿದೆ. ‘ರೇವಣ್ಣ’ ಅಂತ ಹುಡುಕಿದರೆ ಸಾರಿಗೆ ಇಲಾಖೆ, ಲೋಕೋಪಯೋಗಿ ಇಲಾಖೆ, ಚನ್ನಪಟ್ಟಣ, ಹೊಳೆನರಸೀಪುರ ಎಲ್ಲ ಒಂದೇ ರಾಶಿಗೆ ಬೀಳುತ್ತವೆ. ಶೀರ್ಷಿಕೆಯಲ್ಲಿ ಇನಿಷಿಯಲ್ ಇರುವುದಿಲ್ಲ. ಬೇರ್ಪಡಿಸುವುದು ಹೇಗೆ?

ಕರಡುತಿದ್ದಿ:
ನೀವು ಆರಿಸಿಕೊಂಡ ಅವಧಿಯೇ ಈ ಹೆಸರಿಗೆ ಅತಿ ಕೆಟ್ಟದ್ದು. ಸಾರಿಗೆ ಸಚಿವರಾಗಿದ್ದವರು ಕಾಂಗ್ರೆಸ್ಸಿನ ಎಚ್.ಎಂ. ರೇವಣ್ಣ, 2017ರ ಸೆಪ್ಟೆಂಬರ್‌ನಿಂದ 2018ರ ಮೇವರೆಗೆ. ಮರುತಿಂಗಳೇ ಜೆಡಿಎಸ್‌ನ ಎಚ್.ಡಿ. ರೇವಣ್ಣ ಲೋಕೋಪಯೋಗಿ ಸಚಿವರಾದರು, 2019ರ ಜುಲೈವರೆಗೆ. ಹಾಗಾಗಿ ‘ಸಚಿವ ರೇವಣ್ಣ’ ಕಂಡರೆ ಮೊದಲು ದಿನಾಂಕ ನೋಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಎಡವುವುದು 2018ರ ಚುನಾವಣೆ ಸುದ್ದಿಯಲ್ಲಿ. ಚನ್ನಪಟ್ಟಣದಲ್ಲಿ ಎಚ್.ಡಿ. ಕುಮಾರಸ್ವಾಮಿ ವಿರುದ್ಧ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದವರು ಎಚ್.ಎಂ. ರೇವಣ್ಣ. ‘ಕುಮಾರಸ್ವಾಮಿ’, ‘ರೇವಣ್ಣ’ ಒಂದೇ ಸಾಲಿನಲ್ಲಿ ಕಂಡ ಕೂಡಲೇ ಕೈ ತಾನಾಗಿಯೇ ಅಣ್ಣತಮ್ಮ ಅಂತ ಬರೆದುಬಿಡುತ್ತದೆ. ಅಣ್ಣ ರೇವಣ್ಣ ನಿಂತಿದ್ದು ಹೊಳೆನರಸೀಪುರದಲ್ಲಿ.

ಇನಿಷಿಯಲ್ ಸಿಕ್ಕರೂ ನಿಶ್ಚಿಂತೆಯಿಲ್ಲ. ದೇವೇಗೌಡರ ‘ಎಚ್.ಡಿ.’ ಹರದನಹಳ್ಳಿ ದೊಡ್ಡೇಗೌಡ, ಮಕ್ಕಳ ‘ಎಚ್.ಡಿ.’ ಹರದನಹಳ್ಳಿ ದೇವೇಗೌಡ. ಹಳೇ ಮೈಸೂರು ಕಡೆ ಮೊದಲಕ್ಷರ ಸಾಮಾನ್ಯವಾಗಿ ಊರು, ಎರಡನೆಯದು ತಂದೆ. ಉತ್ತರ ಕರ್ನಾಟಕದಲ್ಲಿ ತಂದೆಯ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ. ಅಲ್ಲಿ ‘ಸಚಿವ ಪಾಟೀಲ’ ಎಂದಷ್ಟೇ ಇದ್ದರೆ ಎಂ.ಬಿ. ಪಾಟೀಲರೂ ಆಗಬಹುದು, ಎಚ್.ಕೆ. ಪಾಟೀಲರೂ ಆಗಬಹುದು. ಸುದ್ದಿಯ ಮೊದಲ ಪ್ಯಾರಾ ಓದದೆ ಸೂಚಿಗೆ ಹಾಕಬೇಡಿ.

ಅರ್ಕಾವತ್ತು:
ಮೇಲಿನವರು ಹೇಳಿದ್ದು ಇಬ್ಬರು ಒಬ್ಬರಾಗುವ ಪ್ರಶ್ನೆ. ಇದರ ತಿರುಗುಮುರುಗೂ ಇದೆ: ಒಬ್ಬರೇ ಮೂವರಾಗುತ್ತಾರೆ. ‘ಎಚ್’ ಮತ್ತು ‘ಹೆಚ್’ ಎರಡನ್ನೂ ಹುಡುಕಿ. ಯಡಿಯೂರಪ್ಪ, ಯಡ್ಯೂರಪ್ಪ ಎರಡೂ ಅಚ್ಚಾಗಿವೆ. ಚುಕ್ಕಿಯ ನಂತರ ಜಾಗ ಬಿಟ್ಟದ್ದು, ಬಿಡದ್ದು ಕಂಪ್ಯೂಟರಿಗೆ ಬೇರೆ ಬೇರೆ.

‘ರಾಜ್‌ಕುಮಾರ್’ ಬರೆಯುವಾಗ ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಯೂನಿಕೋಡ್ ಸಂಖ್ಯೆ ದಶಮಾನದಲ್ಲಿ 8204. ಅದಿಲ್ಲದಿದ್ದರೆ ಕಕಾರ ಒತ್ತಾಗಿ ‘ರಾಜ್ಕುಮಾರ್’ ಆಗುತ್ತದೆ, ಹುಡುಕಾಟಕ್ಕೆ ತಾಳೆಯಾಗುವುದಿಲ್ಲ. ಹೆಸರಿನ ಅಂಕಣವನ್ನು ನಕಲು ಮಾಡಿ, ನಕಲಿನಲ್ಲಿ ಈ ಚಿಹ್ನೆ, ಚುಕ್ಕಿ, ಖಾಲಿ ಜಾಗ ಮೂರನ್ನೂ ತೆಗೆದುಹಾಕಿ, ಅದರ ಮೇಲೆ ಹುಡುಕಿ. ಮೂಲ ಅಂಕಣ ಮುಟ್ಟಬೇಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫಾಂಟಿನ ಪಿಡಿಎಫ್ ಆದರೆ ನಕಲು ಮಾಡಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ.

ಪುಟಸಂಖ್ಯೆ:
ಸಚಿವರದ್ದು ಸರಿ. ಅಪರಾಧ ಸುದ್ದಿಯ ಸಾಮಾನ್ಯ ಮಂಜುನಾಥರನ್ನು ಏನು ಮಾಡಲಿ?

ಕರಡುತಿದ್ದಿ:
ಹೆಸರು ಒಂದೇ ಅಂತ ಒಬ್ಬರನ್ನಾಗಿ ಸೇರಿಸಬೇಡಿ. ಒಬ್ಬೊಬ್ಬರಿಗೂ ಬೇರೆ ಬೇರೆ ಗುರುತಿನ ಸಂಖ್ಯೆ ಕೊಟ್ಟಿದ್ದರೆ ಮುಂದೆ ಒಂದು ಮಾಡುವುದು ನಿಮಿಷದ ಕೆಲಸ, ಬೆರೆತದ್ದನ್ನು ಬಿಡಿಸಲು ಪ್ರತಿ ಸುದ್ದಿಯನ್ನೂ ಮತ್ತೆ ಓದಬೇಕು. ಅದಕ್ಕಿಂತ ದೊಡ್ಡದು, ಯಾರದ್ದೋ ಕಳ್ಳತನ ಇನ್ಯಾರದ್ದೋ ತಲೆಗೆ ಬರುತ್ತದೆ. ವಯಸ್ಸು ಕೊಟ್ಟಿದ್ದರೆ ಸುದ್ದಿಯ ವರ್ಷದಿಂದ ಕಳೆದು ಹುಟ್ಟಿದ ವರ್ಷ ಬರೆದಿಡಿ. 2017ರಲ್ಲಿ 41, 2019ರಲ್ಲಿ 43 ಅಂದರೆ ಹೊಂದುತ್ತದೆ. ಒಂದು ವರ್ಷದ ವ್ಯತ್ಯಾಸ ಸಹಜ. ಆದರೆ ವಯಸ್ಸೊಂದೇ ಸಾಲದು, ತಂದೆಯ ಹೆಸರೋ ಊರೋ ಕೂಡಬೇಕು. ಯಾವ ಆಧಾರದ ಮೇಲೆ ಗುರುತಿಸಿದಿರಿ ಎನ್ನುವುದಕ್ಕೆ ಒಂದು ಅಂಕಣ ಇರಲೇಬೇಕು.

ಮತಪೆಟ್ಟಿಗೆ:
ಚುನಾವಣೆ ಪುಟಗಳಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಹೆಸರು ಆಕಸ್ಮಿಕವಾಗಿ ಒಂದಾಗಿರಬೇಕೆಂದಿಲ್ಲ, ಮತ ಒಡೆಯಲೆಂದೇ ಅದೇ ಹೆಸರಿನವರನ್ನು ನಿಲ್ಲಿಸಿರಬಹುದು. ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಅಂಬರೀಷ್ ಅಲ್ಲದೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಕೇರಳದ ಆಲಪ್ಪುಳದಲ್ಲಿ 2004ರಲ್ಲಿ ವಿ.ಎಂ. ಸುಧೀರನ್ ಸೋತದ್ದು 1,009 ಮತಗಳಿಂದ, ವಿ.ಎಸ್. ಸುಧೀರನ್ ಎಂಬ ಪಕ್ಷೇತರರಿಗೆ ಬಿದ್ದದ್ದು ಎಂಟು ಸಾವಿರಕ್ಕೂ ಹೆಚ್ಚು. ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಬಂದದ್ದು 2015ರ ಮೇ ನಂತರದ ಚುನಾವಣೆಗಳಲ್ಲಿ, ಇದೇ ಗೊಂದಲಕ್ಕೆ.

ಇಂಥ ಕಡೆ ಪಕ್ಷೇತರರನ್ನು ಚಿಹ್ನೆಯಿಂದ ಗುರುತಿಸಿ. ಅಂಬರೀಷ್ ಅವರ ಪತ್ನಿಯದ್ದು ಕಹಳೆ ಊದುವ ರೈತ. ತಂದೆ ಅಥವಾ ಗಂಡನ ಹೆಸರು, ವಯಸ್ಸು, ವಿಳಾಸ ಬೇಕಾದರೆ ನಾಮಪತ್ರದ ಜೊತೆಗಿನ ಪ್ರಮಾಣಪತ್ರ, ಅಂದರೆ ನಮೂನೆ 26, ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಸೂಚಿಯಲ್ಲಿ ವಿಳಾಸ ಮಾತ್ರ ಹಾಕಬೇಡಿ, ಕ್ಷೇತ್ರ ಮತ್ತು ವರ್ಷ ಸಾಕು.