ಲ್ಯಾಪರೊಸ್ಕೋಪಿಗೆ ಕೈ ಪಳಗಿಸುವುದು ಎಲ್ಲಿ? ಅನುಭವ ಹೇಳಿ

ನಾನು ಜನರಲ್ ಸರ್ಜರಿ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿ, ಎರಡನೇ ವರ್ಷ. ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಪರದೆ ನೋಡಿಕೊಂಡು ಮಾಡುವ ಆಪರೇಷನ್ ಕಲಿಯಬೇಕು. ಓಟಿಯಲ್ಲಿ (ಆಪರೇಷನ್ ಥಿಯೇಟರ್) ಇಲ್ಲಿಯವರೆಗೆ ಸಿಕ್ಕಿದ್ದು ಕ್ಯಾಮೆರಾ ಹಿಡಿಯುವ ಕೆಲಸ ಮಾತ್ರ. ರೋಗಿಯಿಲ್ಲದೆ ಅಭ್ಯಾಸ ಮಾಡುವ ಯಂತ್ರ, ಸಿಮ್ಯುಲೇಟರ್ ಮೇಲೆ ಕಲಿಯೋಣ ಅಂದ್ರೆ ಸ್ಕಿಲ್ ಲ್ಯಾಬ್ ತೆರೆದಿರುವ ಹೊತ್ತಿಗೆ ನಾನು ವಾರ್ಡಿನಲ್ಲಿರುತ್ತೇನೆ. ಬೆಂಗಳೂರಿಗೆ ಹೋಗಿ ವರ್ಕ್‌ಶಾಪ್ ಮಾಡಲು ರಜೆಯೂ ಇಲ್ಲ, ದುಡ್ಡೂ ಇಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ನೀವೆಲ್ಲ ಹೇಗೆ ಕಲಿತಿರಿ?

ಬೆಳಗಾವಿಯಿಂದ:

ಡಾಕ್ಟ್ರೇ, ನನ್ನದೂ ಇದೇ ಕಥೆ ಆಗಿತ್ತು. ನಾನು ಓದಿದಲ್ಲಿ ಯಂತ್ರ ಇತ್ತು, ಆದರೆ ಸಂಜೆ ಐದಕ್ಕೆ ಲ್ಯಾಬಿಗೆ ಕೀಲಿ ಬೀಳುತ್ತಿತ್ತು. ನಾವು ಓಟಿಯಿಂದ ಹೊರಗೆ ಬರುವುದೇ ಆರಕ್ಕೆ. ಒಂದು ವರ್ಷ ಹಾಗೇ ಹೋಯಿತು. ಅದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಕೊನೆಗೆ ಹಾಸ್ಟೆಲ್ ರೂಮಿನಲ್ಲೇ ಅಭ್ಯಾಸಕ್ಕೆ ಒಂದು ಡಬ್ಬಿ ಮಾಡಿಕೊಂಡೆ. ಬಟ್ಟೆ ಇಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಖಡೇಬಜಾರಿನಲ್ಲಿ ತಂದಿದ್ದು. ಮುಚ್ಚಳಕ್ಕೆ ಎರಡು ತೂತು, ತೂತಿನ ಮೇಲೆ ಗ್ಲೌಸಿನ ರಬ್ಬರ್, ಒಳಗೆ ಎಲ್‌ಇಡಿ ಪಟ್ಟಿ, ಲ್ಯಾಪ್‌ಟಾಪಿಗೆ ಹಚ್ಚುವ ಕ್ಯಾಮೆರಾ. ಕ್ಯಾಮೆರಾ ವೈರ್ ಇರುವುದನ್ನೇ ತಗೊಳ್ಳಿ. ವೈಫೈದು ತಂದಿದ್ದೆ, ಕೈ ಆಡಿಸಿದ ಮೇಲೆ ಚಿತ್ರ ತಡವಾಗಿ ಬರುತ್ತಿತ್ತು. ಬಾಯಿ ಸಡಿಲಾಗಿ ಪಕ್ಕಕ್ಕಿಟ್ಟ ಗ್ರಾಸ್ಪರ್ (ಹಿಡಿಯುವ ಇಕ್ಕಳ), ಸೂಜಿ ಹಿಡಿಯುವ ನೀಡಲ್ ಹೋಲ್ಡರ್ ಕೊಡಿ ಅಂತ ಓಟಿ ಸಿಸ್ಟರ್ ಅವರನ್ನು ಕೇಳಿದೆ. ಎಚ್‌ಓಡಿ (ವಿಭಾಗದ ಮುಖ್ಯಸ್ಥರ) ಸಹಿ ಹಾಕಿಸಿಕೊಂಡು ಕೊಟ್ಟರು. ಸಹಿ ಇಲ್ಲದೆ ತರಬೇಡಿ, ಆಮೇಲೆ ಸಿಸ್ಟರ್‌ಗೆ ತೊಂದರೆ.

ಮೊದಲ ದಿನ ಕಡಲೆಕಾಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಲು ಕೂತೆ. ಕೈ ಬಲಕ್ಕೆ ಒಯ್ದರೆ ತುದಿ ಎಡಕ್ಕೆ ಹೋಗುತ್ತದೆ. ತೂತೇ ಆಸರೆಯಾಗಿ, ಏತದ ಹಾಗೆ ಎಲ್ಲ ಉಲ್ಟಾ. ಪರದೆಯ ಮೇಲೆ ಆಳವೂ ಗೊತ್ತಾಗುವುದಿಲ್ಲ. ಕಾಳು ಸಿಕ್ಕಿತು ಅಂತ ಬಾಯಿ ಮುಚ್ಚಿದರೆ ಅದು ಇನ್ನೂ ಬೆರಳಗಲ ಮುಂದೆ ಇರುತ್ತಿತ್ತು. ಅರ್ಧ ಗಂಟೆಯಲ್ಲಿ ನಾಲ್ಕೇ ಕಾಳು. ಈ ತಡವರಿಕೆ ಡಬ್ಬಿಯೊಳಗೇ ಮುಗಿಯಬೇಕು, ರೋಗಿಯ ಹೊಟ್ಟೆಯಲ್ಲಿ ಅಲ್ಲ, ಅಲ್ವಾ?

ಕೈ ಕುದುರಿದ ಮೇಲೆ ಲ್ಯಾಪರೊಸ್ಕೋಪಿ ಕೌಶಲ ಅಳೆಯುವ ಅಮೆರಿಕದ ಎಫ್‌ಎಲ್‌ಎಸ್ ಪರೀಕ್ಷೆಯ ಐದು ಕಸರತ್ತು ಹಿಡಿದೆ. ಆರು ರಬ್ಬರ್ ತುಂಡು ಈ ಕೈಯಿಂದ ಆ ಕೈಗೆ ದಾಟಿಸುವುದು, ಗಾಜ್ ಮೇಲೆ ಬರೆದ ವೃತ್ತ ಕತ್ತರಿಸುವುದು, ಲೂಪ್ ಬಿಗಿಯುವುದು, ಹೊರಗೆ ಹಾಕಿ ಒಳಗೆ ತಳ್ಳುವ ಗಂಟು, ಒಳಗೇ ಹಾಕುವ ಗಂಟು. ತುಂಡು ದಾಟಿಸಲು 300 ಸೆಕೆಂಡ್, ಒಳಗಿನ ಗಂಟಿಗೆ 600 ಸೆಕೆಂಡ್ ಗಡುವು. ನನ್ನ ಮೊದಲ ಗಂಟಿಗೆ 14 ನಿಮಿಷ ಹಿಡಿಯಿತು. ಎರಡು ತಿಂಗಳು ದಿನಾ ಇಪ್ಪತ್ತು ನಿಮಿಷ ಕೂತ ಮೇಲೆ ಮೂರೂವರೆಗೆ ಇಳಿಯಿತು. ಪ್ರತಿಸಲ ವಿಡಿಯೋ ಮಾಡಿಟ್ಟುಕೊಳ್ಳಿ, ಸೀನಿಯರ್‌ಗೆ ತೋರಿಸಿ. ಒಬ್ಬರೇ ಮಾಡಿದರೆ ತಪ್ಪೇ ರೂಢಿಯಾಗುತ್ತದೆ.

ಇನ್ನೊಂದು. ಇಲ್ಲಿ ಕೆಎಲ್‌ಇ ಸಂಸ್ಥೆಯಲ್ಲಿ ಸಿಮ್ಯುಲೇಷನ್ ಸೆಂಟರ್ ಇದೆ. ಹೊರಗಿನವರಿಗೆ ಕೋರ್ಸ್ ಯಾವಾಗ ಅಂತ ಫೋನ್ ಮಾಡಿ ಕೇಳಿ. ಬೆಂಗಳೂರಿಗಿಂತ ಹತ್ತಿರ.

ಬಾಗಲಕೋಟೆಯಿಂದ:

ಸರ್ ಹೇಳಿದ ಡಬ್ಬಿ ನಾನೂ ಮಾಡಿಕೊಂಡಿದ್ದೇನೆ. ಆದರೆ ರಬ್ಬರಿಗೂ ಕರುಳಿಗೂ ತುಂಬಾ ವ್ಯತ್ಯಾಸ. ಕರುಳು ಜೋಡಿಸುವುದನ್ನು ನಾನು ಕಲಿತದ್ದು ಕುರಿ ಕರುಳಿನ ಮೇಲೆ. ಮಟನ್ ಅಂಗಡಿಯ ಕಾಕಾಗೆ ಹಿಂದಿನ ದಿನವೇ ಹೇಳಿಟ್ಟರೆ ತೊಳೆದು ಕೊಡುತ್ತಾರೆ. ಅವಧಿ ಮುಗಿದ ದಾರ ಸಾಕು. ಹೊಲಿದಾದ ಮೇಲೆ ಎರಡೂ ಬದಿ ಕ್ಲ್ಯಾಂಪ್ ಹಾಕಿ, ಸಿರಿಂಜಿನಿಂದ ಬಣ್ಣದ ನೀರು ಬಿಡಿ. ನನಗೆ ಮೇಲಿಂದ ಎಲ್ಲ ನೀಟಾಗಿ ಕಂಡಿತ್ತು. ತಿರುಗಿಸಿ ನೋಡಿದರೆ ಹಿಂದಿನ ಗೋಡೆಯಲ್ಲಿ, ಎರಡು ಹೊಲಿಗೆಯ ನಡುವೆ, ಕೆಂಪು ಹನಿ ಜಿನುಗುತ್ತಿತ್ತು. ಆ ಹನಿ ಕಲಿಸಿದಷ್ಟು ನನಗೆ ಯಾವ ಲೆಕ್ಚರೂ ಕಲಿಸಲಿಲ್ಲ. ಮುಗಿದ ಮೇಲೆ ಸೂಜಿ ಎಣಿಸಿ, ಚೂಪಾದ ಸಾಮಾನು ಎಸೆಯುವ ಶಾರ್ಪ್ಸ್ ಡಬ್ಬಿಗೆ ಹಾಕಿ.

ಮತ್ತೆ, ಎಲ್ಲವನ್ನೂ ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಟೊರೊಂಟೊದಲ್ಲಿ 38 ರೆಸಿಡೆಂಟ್‌ಗಳಿಗೆ (ನಮ್ಮ ಪಿಜಿಗಳಂಥವರು) ರಕ್ತನಾಳ ಜೋಡಿಸುವುದನ್ನು ಕಲಿಸಿ ನೋಡಿದ್ದರು, 2006ರಲ್ಲಿ ಪ್ರಕಟವಾಗಿದೆ. ನಾಲ್ಕೂ ಪಾಠ ಒಂದೇ ದಿನ ಕಲಿತವರಿಗಿಂತ ವಾರಕ್ಕೊಂದರಂತೆ ಕಲಿತವರ ಕೈ ತಿಂಗಳ ನಂತರ ಚೆನ್ನಾಗಿತ್ತು.

ವಿಜಯಪುರದಿಂದ:

ನಾನು ಪಿಜಿಗಳಿಗೆ ಪಾಠ ಮಾಡುವವನು. ಡಬ್ಬಿ ಮಾಡಿಕೊಳ್ಳಿ, ಒಳ್ಳೆಯದೇ. ಆದರೆ ಕೀಲಿಯ ವಿಷಯ ಬಿಡಬೇಡಿ. ಲ್ಯಾಬ್ ಇರುವುದೇ ನಿಮಗಾಗಿ. ಬಾಯಿಮಾತಿನಲ್ಲಿ ಕೇಳಿದರೆ ಕೆಲಸ ಆಗುವುದಿಲ್ಲ. ನಾಲ್ಕೈದು ಪಿಜಿಗಳು ಸೇರಿ ಎಚ್‌ಓಡಿಗೆ ಅರ್ಜಿ ಬರೆದುಕೊಡಿ. ಸುಮ್ನೆ "ಸಂಜೆ ತೆರೆಯಿರಿ" ಅನ್ನಬೇಡಿ. ರಾತ್ರಿ 8ರಿಂದ 9, ಯಾವ ದಿನ ಯಾರು, ಜವಾಬ್ದಾರಿ ಯಾರದ್ದು, ಎಲ್ಲ ಬರೆಯಿರಿ. ಜೊತೆಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ 2002ರ ಅಧ್ಯಯನವನ್ನೂ ಲಗತ್ತಿಸಿ. 16 ರೆಸಿಡೆಂಟ್‌ಗಳ ಪಿತ್ತಕೋಶದ ಆಪರೇಷನ್ ನೋಡಿದ್ದರು. ಸಿಮ್ಯುಲೇಟರ್ ಮೇಲೆ ಕಲಿಯದವರ ಕೈಯಲ್ಲಿ ಪಿತ್ತಕೋಶಕ್ಕೆ ಪೆಟ್ಟು ಬೀಳುವ, ಬೇರೆ ಕಡೆ ಸುಡುವ ಸಂಭವ ಐದು ಪಟ್ಟು ಜಾಸ್ತಿ ಇತ್ತು. ಸಣ್ಣ ಅಧ್ಯಯನವೇ, ಆದರೂ ಎಚ್‌ಓಡಿ ಓದಲೇಬೇಕಾದದ್ದು.

ನಮ್ಮಲ್ಲಿ ಈಗ ಕೀಲಿ ಸೆಕ್ಯುರಿಟಿ ಹತ್ತಿರ ಇರುತ್ತದೆ. ಒಂದು ರಿಜಿಸ್ಟರ್, ಹೋಗುವಾಗ ಬರುವಾಗ ಸಹಿ, ಸಾಮಾನಿನ ಲೆಕ್ಕ. ಆರು ತಿಂಗಳಾಯಿತು. ಒಂದು ಗ್ರಾಸ್ಪರ್ ಕೂಡ ಕಳೆದಿಲ್ಲ, ರಾತ್ರಿ ಎಂಟಕ್ಕೆ ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ.