ಗಣಿ ಲಾರಿ, ಗೂಡ್ಸ್ ರೈಲಿನ ಸದ್ದು: ಶಬ್ದ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಶಬ್ದ ಇಂಜಿನಿಯರ್: ಪರಿಸರ ವರದಿಗಳಿಗೆ ಸದ್ದು ಅಳೆಯುವುದು ನನ್ನ ಕೆಲಸ. ಕಲ್ಲಿದ್ದಲು ಗಣಿಯ ಲಾರಿ, ರೈಲಿನ ಬಗ್ಗೆ ಏನಿದ್ದರೂ ಕೇಳಿ.

ಹೊಸಪೇಟೆ ಹೈದ: ಸರ್, ಎಷ್ಟು ಡೆಸಿಬಲ್ ದಾಟಿದರೆ ತಪ್ಪು?

ಶಬ್ದ ಇಂಜಿನಿಯರ್: ಸರ್ ಅಲ್ಲ, ಮೇಡಂ. 2000ದ ಶಬ್ದ ನಿಯಮಗಳ ಪ್ರಕಾರ ಮನೆಗಳಿರುವ ಕಡೆ ಹಗಲು 55, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6.

ಚಂದ್ರಾಪುರದ ಸೊಸೆ: ಮೇಡಂ, ತವರು ಧಾರವಾಡ, ಈಗಿರುವುದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಒಂದು ಹಳ್ಳಿ. ಪಕ್ಕದಲ್ಲೇ ಹೊಸ ಗಣಿ ಬರುತ್ತಿದೆ. ವರ್ಷಕ್ಕೆ 10 ಲಕ್ಷ ಟನ್ ಕಲ್ಲಿದ್ದಲು ಲಾರಿಗಳಲ್ಲಿ ನಮ್ಮ ಬೀದಿಯಲ್ಲೇ, ರೈಲಿಗೆ ತುಂಬುವ ಕವಲು ಹಳಿ, ಅಂದರೆ ರೈಲ್ವೆ ಸೈಡಿಂಗ್‌ಗೆ ಹೋಗುತ್ತದಂತೆ. ವರದಿಯಲ್ಲಿ ‘ರಸ್ತೆಯ ಸದ್ದು 1 ಡೆಸಿಬಲ್ ಮಾತ್ರ ಜಾಸ್ತಿ’ ಅಂತಿದೆ. ಈಗ ರಾತ್ರಿ ಗಂಟೆಗೆ ಒಂದು ಗಾಡಿ ಬಂದರೆ ಹೆಚ್ಚು. ಮುಂದಿನ ತಿಂಗಳು ಅಹವಾಲು ಸಭೆ.

ಶಬ್ದ ಇಂಜಿನಿಯರ್: ಮೀಟರ್ ಎಲ್ಲಿ ಇಟ್ಟಿದ್ದರು? ವರದಿಯ ಪಟ್ಟಿಯಲ್ಲಿರುತ್ತದೆ, ನೋಡಿ.

ಚಂದ್ರಾಪುರದ ಸೊಸೆ: ಹೆದ್ದಾರಿ ಪಕ್ಕದ ಪಂಚಾಯಿತಿ ಕಚೇರಿ. ನಮ್ಮ ಬೀದಿ ಇಲ್ಲ.

ಶಬ್ದ ಇಂಜಿನಿಯರ್: ಅಂದುಕೊಂಡೆ. ಗಿಜಿಗುಡುವ ಹೆದ್ದಾರಿಗೆ ಒಂದಷ್ಟು ಲಾರಿ ಸೇರಿದರೆ ಮೀಟರ್ ಅಲ್ಲಾಡುವುದೇ ಇಲ್ಲ. ಒಂದೇ ಥರದ ಗಾಡಿಗಳು ಎರಡರಷ್ಟಾದರೆ 3 ಡೆಸಿಬಲ್ ಏರುತ್ತದೆ, ಹತ್ತರಷ್ಟಾದರೆ 10. ಹತ್ತು ಏರಿದರೆ ಕಿವಿಗೆ ಸದ್ದು ಇಮ್ಮಡಿ.

ಈಗ ನಿಮ್ಮ ಬೀದಿ. 25 ಟನ್ ಹೊರುವ ಟಿಪ್ಪರ್ ಅಂದುಕೊಂಡರೆ 40,000 ಲೋಡು. ಖಾಲಿ ವಾಪಸ್ ಬರುವುದೂ ಸೇರಿ 80,000 ಓಡಾಟ. ವರ್ಷಕ್ಕೆ 300 ದಿನ, ಹಗಲೂ ರಾತ್ರಿ ಓಡಿದರೆ ಗಂಟೆಗೆ ಸುಮಾರು 11. ಒಂದು ಗಾಡಿ ಇದ್ದ ಕಡೆ ಹನ್ನೆರಡು! ಅದೂ ಬೈಕಲ್ಲ, ಟಿಪ್ಪರ್. ಹಂಪ್ ಮೇಲೆ ಖಾಲಿ ಟಿಪ್ಪರ್ ಧಡಾರ್ ಅನ್ನುವುದು ಬೇರೆ. ಖಾಲಿ ಟ್ರಿಪ್ ಬಿಟ್ಟು ಅರ್ಧ ಲೆಕ್ಕ ಕೊಡುವ ವರದಿಗಳನ್ನೂ ನೋಡಿದ್ದೇನೆ.

ಸಭೆಯಲ್ಲಿ ಸುಮ್ನೆ ಕೂಗಾಡಬೇಡಿ. ನಮ್ಮ ಬೀದಿಯಲ್ಲಿ ರಾತ್ರಿ ಅಳೆದಿದ್ದೀರಾ, ಖಾಲಿ ಟ್ರಿಪ್ ಸೇರಿದೆಯಾ, 10ರ ಮೇಲೆ ಲಾರಿ ನಿಲ್ಲಿಸುತ್ತೀರಾ ಅಂತ ಕೇಳಿ. ಬರೆದೂ ಕೊಡಿ. ನಡಾವಳಿಯಲ್ಲಿ ದಾಖಲಾಗಬೇಕು.

ಶುಭೋದಯ ಅಂಕಲ್: ಫಾರ್ವರ್ಡ್ ಬಂದಿದೆ: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಪೂರ್ತಿ ಮಾಯ 🙏

ಶಬ್ದ ಇಂಜಿನಿಯರ್: ಇಲ್ಲ. ಕೋಣೆಯೊಳಗಿನ ಪ್ರತಿಧ್ವನಿ ತುಸು ತಗ್ಗೀತು. ಹೊರಗಿನ ಲಾರಿ ಸದ್ದು ನಿಲ್ಲದು. ಕಿಡಿ ಬಿದ್ದರೆ ಮಾತ್ರ ಚೆನ್ನಾಗಿ ಉರಿಯುತ್ತದೆ.

ಶುಭೋದಯ ಅಂಕಲ್: ಹಾಗಾದರೆ ಬೇವಿನ ಸಾಲು?

ಶಬ್ದ ಇಂಜಿನಿಯರ್: ಒಂದು ಸಾಲು ಮರ ನೆರಳು ಕೊಡುತ್ತದೆ, ಅಷ್ಟೇ. ಲಾರಿ ಕಾಣದಷ್ಟು ಎತ್ತರದ, ಸಂದಿಯಿಲ್ಲದ ಗೋಡೆ ಅಥವಾ ಮಣ್ಣಿನ ದಿಬ್ಬ ಇದ್ದರೆ 5 ಡೆಸಿಬಲ್ ಆದರೂ ಇಳಿಯುತ್ತದೆ. ದಯವಿಟ್ಟು ಫಾರ್ವರ್ಡ್ ಸಾಕು.

ಸೈಡಿಂಗ್ ಪಕ್ಕದ ಮನೆ: ರಾತ್ರಿ ನಾಲ್ಕು ಗೂಡ್ಸ್ ಹೋಗುತ್ತವೆ. ‘ಸರಾಸರಿ ನೋಡಿದರೆ ಏನೂ ಇಲ್ಲ’ ಅಂದರು.

ಶಬ್ದ ಇಂಜಿನಿಯರ್: 58 ವ್ಯಾಗನ್‌ನ ರೇಕ್ ದಾಟಲು ಒಂದು ನಿಮಿಷ, ಕಿಟಕಿ ಬಳಿ 80 ಡೆಸಿಬಲ್ ಅಂದುಕೊಳ್ಳಿ. 480 ನಿಮಿಷದ ರಾತ್ರಿಯಲ್ಲಿ ನಾಲ್ಕೇ ನಿಮಿಷ. ಸರಾಸರಿ 59ಕ್ಕೆ ಇಳಿಯುತ್ತದೆ. ಅದೂ 45 ದಾಟಿದೆ! ಆದರೆ ನಿದ್ದೆ ಕೆಡಿಸುವುದು ಸರಾಸರಿಯಲ್ಲ, ಆ 80. ಗರಿಷ್ಠ ಮಟ್ಟ ಎಷ್ಟು ಅಂತ ಕೇಳಿ. ಶಂಟಿಂಗ್‌ನಲ್ಲಿ ವ್ಯಾಗನ್ ಜೋಡಿಸುವ ಕಪ್ಲಿಂಗ್ ಬಡಿಯುವುದು, ಗೇಟ್ ಹಾರ್ನ್ ಲೆಕ್ಕಕ್ಕೆ ಬಂದಿದೆಯಾ ಅಂತಲೂ.

ಪವರ್‌ಹೌಸ್ ಪಾಟೀಲ: ಎಲ್ಲರಿಗೂ ಕರೆಂಟ್ ಬೇಕು, ಸದ್ದು ಮಾತ್ರ ಬೇಡ. ಸಿಂಗರೇಣಿ ಕಲ್ಲಿದ್ದಲು ಬರದಿದ್ದರೆ ರಾಯಚೂರು ಥರ್ಮಲ್ ಓಡುತ್ತಾ?

ಸೈಡಿಂಗ್ ಪಕ್ಕದ ಮನೆ: ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿ, ಆಮೇಲೆ ಮಾತಾಡಿ.

ಪವರ್‌ಹೌಸ್ ಪಾಟೀಲ: ಹಳಿ ಪಕ್ಕ ಮನೆ ಕಟ್ಟಿಕೊಳ್ಳಿ ಅಂದವರು ಯಾರು?

ಸೈಡಿಂಗ್ ಪಕ್ಕದ ಮನೆ: ಮನೆ ನಮ್ಮಜ್ಜನದು. ಸೈಡಿಂಗ್ ಬಂದದ್ದು ಆಮೇಲೆ. ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿ.

ಕೊಪ್ಪಳದವರು: ಲಾರಿ ಹೋದಾಗೆಲ್ಲ ಗೋಡೆ ಬಿರುಕು ಬಿಡುತ್ತಿದೆ. ಅದೂ ಸದ್ದಿನಿಂದಲೇನಾ?

ಬೆಂಗಳೂರು ಬಾಬು: ಎಷ್ಟು ಡೆಸಿಬಲ್ ತನಕ ಓಕೆ ಮೇಡಂ?

ಶಬ್ದ ಇಂಜಿನಿಯರ್: ಮೇಲೆ ಓದಿ.

ಬೆಂಗಳೂರು ಬಾಬು: ಫೋನ್ ಆ್ಯಪ್ 92 ತೋರಿಸಿತು. ಕೇಸ್ ಹಾಕಬಹುದಾ?

ಶಬ್ದ ಇಂಜಿನಿಯರ್: ಆ್ಯಪ್ ನಂಬಿ ಕೋರ್ಟಿಗೆ ಹೋಗಬೇಡಿ. ಕ್ಯಾಲಿಬ್ರೇಟ್ ಮಾಡಿದ ಮೀಟರ್ ಬೇಕು.

ಚಂದ್ರಾಪುರದ ಸೊಸೆ: ಮೇಡಂ, ಇನ್ನೊಂದು ನೋಡಿದೆ. ಪಂಚಾಯಿತಿ ಕಚೇರಿಯಲ್ಲಿ ಅಳೆದದ್ದು ದೀಪಾವಳಿ ವಾರ.

ಶಬ್ದ ಇಂಜಿನಿಯರ್: ಪಟಾಕಿ ಸದ್ದನ್ನು ಈಗಿನ ಸದ್ದು ಅಂತ ತೋರಿಸಿದರೆ ಆಮೇಲೆ ಲಾರಿ ಎಷ್ಟು ಬಂದರೂ ಕಡಿಮೆಯೇ ಕಾಣುತ್ತದೆ. ಆ ಪುಟದ ಫೋಟೋ ಈಗಲೇ ಕಳಿಸಿ, ತಾರೀಖು ಕಾಣಬೇಕು. ಗಂಟೆಗಂಟೆಯ ರೀಡಿಂಗ್ ಇದ್ದರೆ ಅದೂ.

ಶುಭೋದಯ ಅಂಕಲ್: ದೀಪಾವಳಿಗೂ ಗಣಿಗೂ ಏನು ಸಂಬಂಧ? ಹಬ್ಬಕ್ಕೇ ಯಾಕೆ ಕಣ್ಣು?

ಶಬ್ದ ಇಂಜಿನಿಯರ್: ಅಂಕಲ್, ನಿಮಗೆ ಇನ್ನು ಉತ್ತರ ಕೊಡುವುದಿಲ್ಲ.

ಕೊಪ್ಪಳದವರು: ನನ್ನ ಗೋಡೆ?