ಕೋರ್ಟಿನ ಜಗಳ: ತಳ್ಳಾಟವೋ, ಹೊಡೆದಾಟವೋ?

ಎಲ್ಲರಿಗೂ ನಮಸ್ಕಾರ.

ಬ್ಯಾಸ್ಕೆಟ್‌ಬಾಲ್ ಆಟಗಾರರು ಕೋರ್ಟಿನಲ್ಲೇ ಜಗಳಕ್ಕೆ ನಿಂತರೆ ಅದನ್ನು ಕನ್ನಡದಲ್ಲಿ ಏನಂತ ಬರೆಯಬೇಕು? ಎದೆಗೆ ಎದೆ ಕೊಟ್ಟು ನಿಲ್ಲುತ್ತಾರೆ, ದಬ್ಬುತ್ತಾರೆ, ಅಂಗಿ ಹಿಡಿದು ಜಗ್ಗುತ್ತಾರೆ. ಆದರೆ ಏಟು ಬೀಳುವುದಿಲ್ಲ. ಇಂಗ್ಲಿಷ್‌ನವರು ಸ್ಕಫಲ್ ಅಂದು ಮುಗಿಸುತ್ತಾರೆ. ನಮ್ಮಲ್ಲಿ ಸುದ್ದಿ ಬರೆಯುವವರು ಎಷ್ಟೋ ಸಲ ಹಿಂದೆಮುಂದೆ ನೋಡದೆ 'ಹೊಡೆದಾಟ', 'ಮಾರಾಮಾರಿ' ಅಂತ ಹಾಕಿಬಿಡುತ್ತಾರೆ.

ಕಲಬುರಗಿಯಲ್ಲಿ ನಾವು ಕೆಲವರು ಎನ್‌ಬಿಎ, ಅಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನ ಹುಚ್ಚಿನವರಿದ್ದೇವೆ. ಅಲ್ಲಿಯ ರಾತ್ರಿ ಆಟ ನಮಗೆ ಬೆಳಗಿನ ಚಹಾದ ಜೊತೆ ಬರುತ್ತದೆ. ಈ ಪ್ರಶ್ನೆ ಎದ್ದದ್ದು ಮಾತ್ರ ಹಳೆಯ ಆಟದ ವಿಡಿಯೊದಿಂದ. 2004ರ ನವೆಂಬರ್ 19, ಡೆಟ್ರಾಯಿಟ್ ಪಿಸ್ಟನ್ಸ್ ಮತ್ತು ಇಂಡಿಯಾನಾ ಪೇಸರ್ಸ್. ಪೇಸರ್ಸ್ 97–82ರಿಂದ ಮುಂದಿದ್ದಾರೆ, ಉಳಿದಿರುವುದು 45.9 ಸೆಕೆಂಡ್. ಬುಟ್ಟಿಗೆ ಚೆಂಡು ಹಾಕಲು ಹೋದ ಪಿಸ್ಟನ್ಸ್‌ನ ಬೆನ್ ವಾಲೇಸ್‌ಗೆ ಪೇಸರ್ಸ್‌ನ ರಾನ್ ಆರ್ಟೆಸ್ಟ್ ಜೋರಾಗಿ ಫೌಲ್ ಮಾಡುತ್ತಾನೆ. ವಾಲೇಸ್ ತಿರುಗಿ ಎರಡೂ ಕೈಯಿಂದ ಅವನನ್ನು ದಬ್ಬುತ್ತಾನೆ. ಎರಡೂ ತಂಡದವರು ಒಟ್ಟುಗೂಡುತ್ತಾರೆ. ಆರ್ಟೆಸ್ಟ್ ಹೋಗಿ ಸ್ಕೋರ್ ಬರೆಯುವವರ ಮೇಜಿನ ಮೇಲೆ ಅಂಗಾತ ಮಲಗುತ್ತಾನೆ. ಆಗ ಪ್ರೇಕ್ಷಕರ ಕಡೆಯಿಂದ ಒಂದು ಲೋಟ ಬಂದು ಅವನ ಮೈಮೇಲೆ ಬೀಳುತ್ತದೆ. ಆಮೇಲಿನದು ಗೊತ್ತಿರುವುದೇ. ಎದ್ದವನೇ ಪ್ರೇಕ್ಷಕರ ನಡುವೆ ನುಗ್ಗಿ, ಲೋಟ ಎಸೆದವನನ್ನು ಬಿಟ್ಟು ಬೇರೆ ಯಾರನ್ನೋ ಹಿಡಿದ.

"ಹೊಡದಾಟ ಎಲ್ಲಿ ಆಗ್ಯಾದ? ಬರೇ ದಬ್ಯಾನ," ಅಂದರು ವಾಲೇಸ್ ಅಭಿಮಾನಿಯೊಬ್ಬರು. ಅವರ ಪ್ರಕಾರ ಅದು ತಳ್ಳಾಟ. ಪೇಸರ್ಸ್ ಕಡೆಯವರು ಒಪ್ಪಲಿಲ್ಲ. ದಬ್ಬಿದ್ದು ಒಬ್ಬನೇ, ಇನ್ನೊಬ್ಬ ಹೋಗಿ ಮಲಗಿದ್ದಾನೆ. ಹಾಗಿದ್ದರೆ ಅದು 'ಆಟ' ಹೇಗಾಗುತ್ತದೆ, ಹಲ್ಲೆ ಅನ್ನಿ ಅಂತ ಅವರ ವಾದ.

ವಾದದಲ್ಲಿ ಹುರುಳಿದೆ. ಗುದ್ದಾಟ, ಕಚ್ಚಾಟ, ಕಿತ್ತಾಟ, ಜಗ್ಗಾಟ, ಬಡಿದಾಟ ಇವೆಲ್ಲಕ್ಕೂ ಇಬ್ಬರು ಬೇಕು. 'ಆಟ' ಸೇರಿದ ಕೂಡಲೇ ತಪ್ಪು ಎರಡೂ ಕಡೆ ಹಂಚಿಹೋಗುತ್ತದೆ. ಆದರೆ ಒದ್ದಾಟಕ್ಕೆ ಒಬ್ಬನೇ ಸಾಕು, ಅಲ್ವಾ? ಪರದಾಟ, ಓಡಾಟಕ್ಕೂ ಅಷ್ಟೇ. ಹಾಗಾಗಿ 'ಆಟ' ಬಂತು ಅಂದಮಾತ್ರಕ್ಕೆ ಇಬ್ಬರೂ ತಪ್ಪಿತಸ್ಥರು ಅನ್ನುವ ನಿಯಮವೇನಿಲ್ಲ. ಹೊಡೆತ, ತಳ್ಳುವಿಕೆ, ಎಳೆತದಂಥ, ಇನ್ನೊಬ್ಬರ ಮೈಗೆ ತಾಗುವ ಕೆಲಸಕ್ಕೆ ಅದು ಅಂಟಿದಾಗ ಮಾತ್ರ ಎದುರಾಳಿ ತಾನಾಗಿ ಬಂದು ನಿಲ್ಲುತ್ತಾನೆ. ಒದೆಯುವುದೂ ಅಂಥದ್ದೇ ಕೆಲಸ. ಆದರೂ ಒದ್ದಾಟ ಯಾಕೆ ಒಂಟಿಯಾಯಿತೋ, ಬಲ್ಲವರು ಹೇಳಬೇಕು.

ಇನ್ನೊಂದು ತಮಾಷೆ. ನಾನು 'ಕೈ ಕೈ ಮಿಲಾಯಿಸಿದರು' ಅಂದೆ. ಸುದ್ದಿಯಲ್ಲಿ ದಿನಾ ಓದುವ ಮಾತು. ನಮ್ಮ ಜೊತೆ ಉರ್ದು ಮನೆಮಾತಿನ ಗೆಳೆಯರೊಬ್ಬರಿದ್ದಾರೆ. ಅವರು ನಕ್ಕುಬಿಟ್ಟರು. "ಹಾಥ್ ಮಿಲಾಯಾ ಅಂದ್ರ ದೋಸ್ತಿ ಆಯ್ತಲ್ಲ ಭಾಯಿ, ಮತ್ತ ಜಗಳ ಎಲ್ಲಿಂದ ಬಂತು?" ನಿಜವೇ. ಹಿಂದಿ, ಉರ್ದುವಿನಲ್ಲಿ ಹಾಥ್ ಮಿಲಾನಾ ಅಂದರೆ ಕೈ ಕುಲುಕುವುದು, ರಾಜಿಯಾಗುವುದು. ಕನ್ನಡಕ್ಕೆ ಬಂದ ಮಿಲಾಯಿಸು ಮಾತ್ರ 'ಕೈ ಕೈ' ಜೊತೆ ಸೇರಿ ಹೊಡೆದಾಟವಾಯಿತು. ಜಗಳಕ್ಕೆ ಅವರಲ್ಲಿ ಹಾಥಾಪಾಯಿ ಇದೆ. ಎರಡೂ ಭಾಷೆ ಒಂದೇ ಬೆಂಚಿನ ಮೇಲೆ ಕೂರುವ ನಮ್ಮ ಊರಿನಲ್ಲಿ ಇದು ಸಣ್ಣ ಗೊಂದಲವಲ್ಲ. ಆಟ ಮುಗಿದ ಮೇಲೆ ಆಟಗಾರರು ಕೈ ಮಿಲಾಯಿಸಿದರು ಅಂತ ಬರೆದರೆ ಇಲ್ಲಿ ಒಬ್ಬರು ಒಂದು ಓದುತ್ತಾರೆ, ಮತ್ತೊಬ್ಬರು ಇನ್ನೊಂದು.

ಉಳಿದ ಪದಗಳಲ್ಲಿ ಜಟಾಪಟಿ ಬಹಳ ಮಟ್ಟಿಗೆ ಬಾಯಿಮಾತಿನ ಜಗಳ. ಗುದ್ದಾಟವನ್ನು ರಾಜಕೀಯದವರು ಮುಸುಕು ಹಾಕಿ ಸವೆಸಿದ್ದಾರೆ. ನೂಕುನುಗ್ಗಲಿನಲ್ಲಿ ಸಿಟ್ಟೇ ಇಲ್ಲ. ಶರಣಬಸವೇಶ್ವರರ ತೇರಿನ ದಿನ ಆಗುವುದು ನೂಕುನುಗ್ಗಲು, ಅದನ್ನು ಯಾರೂ ಜಗಳ ಅನ್ನುವುದಿಲ್ಲ.

ಎನ್‌ಬಿಎ ನಿಯಮದಲ್ಲೂ ಈ ಗೆರೆ ಇದೆ. ಬರೀ ದಬ್ಬಿದರೆ ಟೆಕ್ನಿಕಲ್ ಫೌಲ್‌ನಲ್ಲೇ (ನಡತೆಯ ತಪ್ಪಿಗೆ ಕೊಡುವ ಫೌಲ್) ಮುಗಿಯಬಹುದು. ಮುಷ್ಟಿ ಬೀಸಿದರೆ ಹಾಗಲ್ಲ. ಅದು ತಾಗಲಿ, ತಾಗದಿರಲಿ, ಆಟಗಾರ ಹೊರಗೆ, ಮೇಲೆ ಕನಿಷ್ಠ ಒಂದು ಪಂದ್ಯದ ಅಮಾನತು. ಈ ತಾಗದ ಏಟಿಗೆ ಕನ್ನಡದಲ್ಲಿ 'ಹೊಡೆದ' ಅನ್ನಲು ಬರುವುದಿಲ್ಲ. 'ಕೈ ಮಾಡಿದ' ಅಂದರೂ ಏಟು ಬಿದ್ದಂತೆಯೇ ಕೇಳುತ್ತದೆ. 'ಕೈ ಎತ್ತಿದ' ಅಂದರೆ ಸೋಲೊಪ್ಪಿದ ಅಂತಲೂ ಆಗುತ್ತದೆ, ಆಟದ ವರದಿಯಲ್ಲಂತೂ ಜಾಸ್ತಿ. 'ಕೈ ಬೀಸಿದ' ಸರಿ ಅನಿಸುತ್ತದೆ.

ಜಗಳ ಬಿಡಿಸಲು ಹೋದವರ ಪಾಡು ಇನ್ನೂ ವಿಚಿತ್ರ. ನಮ್ಮಲ್ಲಿ ನಡುವೆ ಬಿದ್ದು ಬಿಡಿಸಿದವರು ಒಳ್ಳೆಯವರು. ಅಲ್ಲಿ ಹೊರಗೆ ಕೂತ ಆಟಗಾರರು ಬೆಂಚು ಬಿಟ್ಟು ಎದ್ದು ಬಂದರೇ ಅಮಾನತು. 2007ರಲ್ಲಿ ಸ್ಪರ್ಸ್ ತಂಡದ ರಾಬರ್ಟ್ ಹೋರಿ, ಸನ್ಸ್ ತಂಡದ ಸ್ಟೀವ್ ನ್ಯಾಶ್‌ರನ್ನು ಮೈಯಿಂದ ಡಿಕ್ಕಿ ಹೊಡೆದು ಕೆಡವಿದಾಗ ಬೆಂಚಿನಿಂದ ಎದ್ದು ಬಂದ ಸನ್ಸ್ ಆಟಗಾರರಾದ ಸ್ಟೌಡೆಮೈರ್ ಮತ್ತು ಡಿಯಾವ್ ಮುಂದಿನ ಪಂದ್ಯ ಕಳೆದುಕೊಂಡರು. ಆ ಪಂದ್ಯವನ್ನೂ ಸರಣಿಯನ್ನೂ ಸನ್ಸ್ ಸೋತಿತು. ಇದರ ಮಾತೆತ್ತಿದರೆ ನಮ್ಮ ಸನ್ಸ್ ಅಭಿಮಾನಿಗಳು ಈಗಲೂ ಕೆಂಡವಾಗುತ್ತಾರೆ.

ನನ್ನ ಅಭಿಪ್ರಾಯ ಇಷ್ಟು. 2004ರ ರಾತ್ರಿಗೆ ಒಂದೇ ಪದ ಸಾಲದು. ವಾಲೇಸ್ ದಬ್ಬಿದ್ದು 'ದಬ್ಬಿದ' ಅಷ್ಟೇ, ಅಲ್ಲಿಗೆ ನಾಮಪದವೇ ಬೇಡ. ತಂಡಗಳು ಕೂಡಿಕೊಂಡದ್ದು ತಳ್ಳಾಟ. ಲೋಟ ಬಿದ್ದ ಮೇಲೆ ಆದದ್ದು ಹೊಡೆದಾಟ. ಶಿಕ್ಷೆಯೂ ಹಾಗೇ ಬಂತು: ವಾಲೇಸ್‌ಗೆ 6 ಪಂದ್ಯ, ಆರ್ಟೆಸ್ಟ್‌ಗೆ ಆ ಹಂಗಾಮಿನಲ್ಲಿ ಉಳಿದದ್ದು ಪೂರ್ತಿ, ಅಂದರೆ 86 ಪಂದ್ಯ. ಎಲ್ಲಕ್ಕೂ ಮಾರಾಮಾರಿ ಅಂದುಬಿಟ್ಟರೆ ಈ ವ್ಯತ್ಯಾಸ ಓದುಗರಿಗೆ ತಿಳಿಯುವುದೇ ಇಲ್ಲ.

ನನ್ನ ಪ್ರಶ್ನೆಗಳು ಎರಡು. ನಮ್ಮ ಕಡೆ 'ತಳ್ಳು' ಅನ್ನುವುದಕ್ಕಿಂತ 'ದಬ್ಬು' ಅನ್ನುವುದೇ ಹೆಚ್ಚು. ಹಾಗಾದರೆ 'ದಬ್ಬಾಟ' ಅಂತ ಬರೆದರೆ ಮೈಸೂರು, ಮಂಗಳೂರಿನವರಿಗೆ ತಿಳಿಯುತ್ತದಾ, ಇಲ್ಲ ದಬ್ಬಾಳಿಕೆಯ ನೆನಪಾಗುತ್ತದಾ? ಎರಡನೆಯದು, ಒಬ್ಬರನ್ನೊಬ್ಬರು ಹಿಡಿದು ಹೆಣಗುವುದಕ್ಕೆ ಹಿರಿಯರು 'ಗುದಮುರಗಿ' ಅನ್ನುತ್ತಿದ್ದರು. ಏಟಿಲ್ಲದ ಜಗಳಕ್ಕೆ ಅದೇ ಹತ್ತಿರದ ಮಾತು ಅನಿಸುತ್ತದೆ. ಬೀದರ್, ಯಾದಗಿರಿ ಕಡೆಯವರು ಇದನ್ನು ಈಗಲೂ ಆಡುತ್ತೀರಾ? ಆಡುವುದಾದರೆ, ಬರೀ ಮಕ್ಕಳ ಜಗಳಕ್ಕೋ, ದೊಡ್ಡವರಿಗೂ ಸಲ್ಲುತ್ತದೋ?